ಟೋಪಿ ಇಲ್ಲದ ಪತ್ತೇದಾರ: 'ಬ್ರಿಕ್' ಸಿನಿಮಾ ನೋಡಿ ತಲೆ ಕೆರೆದುಕೊಂಡವರಿಗೆ

ಮಳೆನೀರು ಹರಿದುಹೋಗುವ ಒಂದು ಕಾಂಕ್ರೀಟ್ ಸುರಂಗ. ಅದರ ಬಾಯಲ್ಲಿ, ಆಳವಿಲ್ಲದ ನೀರಲ್ಲಿ ಒಬ್ಬ ಹುಡುಗಿಯ ಹೆಣ. ಕೈಯಲ್ಲಿ ನೀಲಿ ಬಳೆಗಳು. ಎದುರಿಗೆ ಕುಕ್ಕರಗಾಲಲ್ಲಿ ಕೂತ ಕನ್ನಡಕದ ಹುಡುಗ. ಅವನು ಅಳುವುದಿಲ್ಲ, ಕಿರುಚುವುದಿಲ್ಲ. ಸುಮ್ನೆ ನೋಡುತ್ತಾನೆ. ಆಮೇಲೆ ಕಥೆ ಎರಡು ದಿನ ಹಿಂದಕ್ಕೆ ಹೋಗುತ್ತದೆ.

2005ರ ಅಮೆರಿಕನ್ ಸಿನಿಮಾ 'ಬ್ರಿಕ್' ಶುರುವಾಗುವುದು ಹೀಗೆ. ರಯಾನ್ ಜಾನ್ಸನ್ ಬರೆದು ನಿರ್ದೇಶಿಸಿದ ಮೊದಲ ಚಿತ್ರ ಇದು. ಸತ್ತವಳು ಎಮಿಲಿ. ನೋಡುತ್ತಾ ಕೂತವನು ಅವಳ ಹಳೇ ಗೆಳೆಯ ಬ್ರೆಂಡನ್. ಇಬ್ಬರೂ ಹೈಸ್ಕೂಲಿನವರು. ಕೊಂದವರು ಯಾರು ಅಂತ ಹುಡುಕುವ ಕೆಲಸ ಪೊಲೀಸರದಲ್ಲ, ಈ ಹುಡುಗನದು. ಪೊಲೀಸರು ಬಂದರೆ ಎಲ್ಲ ಕೆಡಿಸಿಬಿಡುತ್ತಾರೆ ಅಂತ ಅವನು ಹೆಣವನ್ನೇ ಸುರಂಗದೊಳಗೆ ಬಚ್ಚಿಡುತ್ತಾನೆ.

ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆಯೊಳಗೆ ದಾರಿ ತಪ್ಪಿದ್ದೆ. ಸಬ್‌ಟೈಟಲ್ ಹಾಕಿಕೊಂಡರೂ ಏನೂ ಪ್ರಯೋಜನವಾಗಲಿಲ್ಲ. ಪದಗಳು ಕಾಣುತ್ತಿದ್ದವು, ಅರ್ಥ ಆಗುತ್ತಿರಲಿಲ್ಲ. ಈ ಹುಡುಗರು ಯಾಕೆ ಹೀಗೆ ಮಾತಾಡುತ್ತಾರೆ? ಯಾರಿಗೂ ಪಾಠ, ಪರೀಕ್ಷೆ ಇಲ್ವಾ? ಅಪ್ಪ ಅಮ್ಮಂದಿರು ಎಲ್ಲಿ? ಇಷ್ಟಾದರೂ ಯಾರೂ ನಗುತ್ತಿಲ್ಲವಲ್ಲ, ಇದು ತಮಾಷೆಯೋ ನಿಜವೋ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಎಂಬತ್ತು ವರ್ಷ ಹಿಂದಕ್ಕೆ ಹೋಗಿ ಬರಬೇಕು.

'ನುವಾರ್' ಅಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ಎರಡನೇ ಮಹಾಯುದ್ಧ ನಡೆಯುವಾಗ ಅಮೆರಿಕದ ಸಿನಿಮಾಗಳು ಫ್ರಾನ್ಸಿಗೆ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಎಲ್ಲ ಒಟ್ಟಿಗೆ ಬಂದವು. ಸಾಲಾಗಿ ನೋಡಿದ ಅಲ್ಲಿನ ವಿಮರ್ಶಕರಿಗೆ ಒಂದು ಬದಲಾವಣೆ ಕಣ್ಣಿಗೆ ಹೊಡೆಯಿತು. ಅಪರಾಧದ ಕಥೆಗಳು ಕತ್ತಲಾಗಿದ್ದವು, ನಾಯಕರು ದಣಿದಿದ್ದರು, ಯಾರನ್ನೂ ನಂಬುವ ಹಾಗಿರಲಿಲ್ಲ. 1946ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕ ಇಂಥ ಚಿತ್ರಗಳನ್ನು 'ಫಿಲ್ಮ್ ನುವಾರ್' ಎಂದು ಕರೆದ. ಹೆಸರು ಅಂಟಿಕೊಂಡಿತು. ತಮಾಷೆ ಅಂದರೆ, ಆ ಚಿತ್ರಗಳನ್ನು ಮಾಡಿದವರಿಗೆ ತಾವು ನುವಾರ್ ಮಾಡುತ್ತಿದ್ದೇವೆ ಅಂತ ಗೊತ್ತೇ ಇರಲಿಲ್ಲ.

ಆ ಸಿನಿಮಾಗಳ ಬೇರು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳಲ್ಲಿತ್ತು. 1920ರಲ್ಲಿ ಶುರುವಾದ 'ಬ್ಲ್ಯಾಕ್ ಮಾಸ್ಕ್' ಅಂಥದ್ದೊಂದು. ಅಲ್ಲಿ ಬರೆಯುತ್ತಿದ್ದ ಡ್ಯಾಶಿಯಲ್ ಹ್ಯಾಮೆಟ್ ಮೊದಲು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವನು. ಅವನಿಗೆ ಆ ಕಸುಬು ಒಳಗಿನಿಂದ ಗೊತ್ತಿತ್ತು. ಅಲ್ಲಿಯವರೆಗೆ ಪತ್ತೇದಾರ ಅಂದರೆ ಆರಾಮಕುರ್ಚಿಯಲ್ಲಿ ಕೂತು, ಬೂದಿಯ ಬಣ್ಣ ನೋಡಿ ಕೊಲೆಗಾರನ ಹೆಸರು ಹೇಳುವ ಜಾಣ. ಹ್ಯಾಮೆಟ್‌ನ ಪತ್ತೇದಾರ ಬೀದಿಗೆ ಇಳಿಯುತ್ತಾನೆ. ಸುಳ್ಳು ಹೇಳುತ್ತಾನೆ, ಒದೆ ತಿನ್ನುತ್ತಾನೆ, ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿ ಕಟ್ಟುತ್ತಾನೆ. ಈ ಬಗೆಯ ಬರಹಕ್ಕೆ 'ಹಾರ್ಡ್‌ಬಾಯ್ಲ್ಡ್' ಅಂತ ಹೆಸರು. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಾಗೆ, ಒಳಗೆ ಏನೂ ತುಳುಕುವುದಿಲ್ಲ. ಪಾತ್ರ ಏನು ಮಾಡಿತು, ಏನು ಹೇಳಿತು ಅಷ್ಟೇ ಇರುತ್ತದೆ. ಅದರ ಮನಸ್ಸಲ್ಲಿ ಏನಿತ್ತು ಎನ್ನುವುದನ್ನು ಓದುವವರೇ ಊಹಿಸಿಕೊಳ್ಳಬೇಕು.

ಸಿನಿಮಾಕ್ಕೆ ಬಂದಾಗ ಇನ್ನೊಂದು ಸಂಗತಿ ಸೇರಿಕೊಂಡಿತು. 1934ರಿಂದ 1968ರವರೆಗೆ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಕಟ್ಟುನಿಟ್ಟಿನ ನೀತಿಸಂಹಿತೆಯೊಂದಿತ್ತು. ಏನು ತೋರಿಸಬಾರದು ಅನ್ನುವ ಪಟ್ಟಿ ಉದ್ದವಿತ್ತು. ಹಾಗಾಗಿ ಎಲ್ಲವನ್ನೂ ಬಳಸಿ, ಸುತ್ತಿ, ಎರಡರ್ಥ ಬರುವ ಹಾಗೆ ಹೇಳಬೇಕಾಯಿತು. ನುವಾರ್ ಪಾತ್ರಗಳ ಚೂಪು ಮಾತಿಗೆ ಆ ಕಟ್ಟುಪಾಡೂ ಒಂದು ಕಾರಣ. ನಿಯಮ ಹೋದ ಮೇಲೆ, ಬಣ್ಣದ ಕಾಲದಲ್ಲಿ, ಹಳೇ ನುವಾರನ್ನು ಗೊತ್ತಿದ್ದೂ ಗೊತ್ತಿದ್ದೂ ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ ಚಿತ್ರಗಳಿಗೆ 'ನಿಯೋ ನುವಾರ್' ಅನ್ನುತ್ತಾರೆ. ಹಳೆಯವರಿಗೆ ಹೆಸರು ಗೊತ್ತಿರಲಿಲ್ಲ, ಹೊಸಬರಿಗೆ ಗೊತ್ತಿತ್ತು. ದೊಡ್ಡ ವ್ಯತ್ಯಾಸ ಅದೇ.

ಇಲ್ಲೇ ಒಂದು ತೊಂದರೆ ಶುರುವಾಗುತ್ತದೆ. ಗೊತ್ತಿದ್ದು ಮಾಡಿದಾಗ ಅದು ಬೇಗ ವೇಷವಾಗುತ್ತದೆ. ಉದ್ದ ಕೋಟು, ಟೋಪಿ, ಸಿಗರೇಟಿನ ಹೊಗೆ, ಕಿಟಕಿಯ ಪಟ್ಟಿಗಳಿಂದ ಗೋಡೆ ಮೇಲೆ ಬೀಳುವ ನೆರಳು, ಒದ್ದೆ ರಸ್ತೆ. ಇಷ್ಟು ಜೋಡಿಸಿಟ್ಟರೆ ಯಾರಾದರೂ 'ಓ, ನುವಾರ್' ಅಂದುಬಿಡುತ್ತಾರೆ. ನೋಡುವವರು ಕಥೆ ನೋಡುವುದನ್ನು ಬಿಟ್ಟು ಅಲಂಕಾರ ನೋಡುತ್ತಾರೆ.

ಜಾನ್ಸನ್‌ಗೆ ಕಾಡಿದ್ದು ಇದೇ. ಕೋಯೆನ್ ಸಹೋದರರ 1990ರ 'ಮಿಲ್ಲರ್ಸ್ ಕ್ರಾಸಿಂಗ್' ನೋಡಿದ ಅವನು ಅದರ ಹಿಂದಿರುವುದು ಹ್ಯಾಮೆಟ್ ಅಂತ ತಿಳಿದು ಆ ಪುಸ್ತಕಗಳನ್ನು ಓದಿದ. ಹಿಡಿಸಿಬಿಟ್ಟವು. ಅಂಥದ್ದೊಂದು ಸಿನಿಮಾ ಮಾಡಬೇಕು, ಆದರೆ ಟೋಪಿ ಕೋಟುಗಳ ನಕಲು ಮಾತ್ರ ಆಗಬಾರದು. ಅದಕ್ಕೆ ಅವನು ಕಂಡುಕೊಂಡ ಉಪಾಯ, ಇಡೀ ಕಥೆಯನ್ನು ಎತ್ತಿ ಒಂದು ಹೈಸ್ಕೂಲಿಗೆ ಹಾಕುವುದು. ಟೋಪಿ ತೆಗೆದರೆ, ನೆರಳು ತೆಗೆದರೆ, ರಾತ್ರಿಯನ್ನೂ ಬಹುಪಾಲು ತೆಗೆದರೆ ಏನು ಉಳಿಯುತ್ತದೆ? ಉಳಿಯುವುದು ಮಾತು.

ಅವನು ಅದನ್ನು ಮೊದಲು ಹ್ಯಾಮೆಟ್ ಧಾಟಿಯ ಕಿರುಕಾದಂಬರಿಯಾಗಿ ಬರೆದ, ಆಮೇಲೆ ಚಿತ್ರಕಥೆಯಾಗಿ. ದುಡ್ಡು ಹಾಕುವವರು ಸಿಗದೆ ವರ್ಷಗಟ್ಟಲೆ ಅಲೆದ. ಕೊನೆಗೆ ಮನೆಯವರು, ಸ್ನೇಹಿತರು ಸೇರಿಸಿಕೊಟ್ಟ ಹಣದಿಂದಲೇ ಕೆಲಸ ಆಯಿತು. ಒಟ್ಟು ಖರ್ಚು ಸುಮಾರು 4.5 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ಎಂಬ ಕಡಲತೀರದ ಊರಲ್ಲಿ, ಜಾನ್ಸನ್ ಓದಿದ್ದ ಅದೇ ಹೈಸ್ಕೂಲಲ್ಲಿ, ಸುಮಾರು 20 ದಿನ. ಸಂಕಲನ ಮನೆಯ ಕಂಪ್ಯೂಟರಲ್ಲಿ. 2005ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೋರಿಸಿದಾಗ ದೃಷ್ಟಿಯ ಸ್ವಂತಿಕೆಗಾಗಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2006ರಲ್ಲಿ.

ಶಾಲೆಯೇ ನಗರ

ಹೈಸ್ಕೂಲನ್ನೇ ಯಾಕೆ ಆರಿಸಿದ? ಹದಿಹರೆಯದವರು ದೊಡ್ಡವರ ಹಾಗೆ ಆಡಿದರೆ ಮಜಾ ಇರುತ್ತದೆ ಅಂತ ಅಲ್ಲ. ಹಾಗಿದ್ದರೆ ಹತ್ತು ನಿಮಿಷದ ಹಾಸ್ಯದೃಶ್ಯ ಆಗುತ್ತಿತ್ತು, ಅಷ್ಟೇ. ನುವಾರ್ ಕಥೆಗೆ ಬೇಕಾದ ನಗರ ಯಾವುದು ಅಂತ ಯೋಚಿಸಿ. ಅಲ್ಲಿ ಮೇಲು ಕೀಳು ಇರಬೇಕು. ಯಾರ ಜಾಗ ಯಾವುದು ಅಂತ ಎಲ್ಲರಿಗೂ ಗೊತ್ತಿರಬೇಕು, ಯಾವ ಫಲಕವೂ ಇರಬಾರದು. ಚಾಡಿ ಹೇಳಿದವನಿಗೆ ಉಳಿಗಾಲ ಇರಬಾರದು. ಅಧಿಕಾರದಲ್ಲಿ ಇರುವವರಿಗೆ ಅರ್ಧ ಗೊತ್ತಿರಬೇಕು, ಉಳಿದರ್ಧ ಬೇಡವಾಗಿರಬೇಕು. ಇದು ಹೈಸ್ಕೂಲು ಅಲ್ವಾ?

ಚಿತ್ರದಲ್ಲಿ ಯಾರು ಯಾವ ಗುಂಪಿನವರು ಅಂತ ಕೇಳಬೇಕಾದರೆ, ಅವಳು ಊಟಕ್ಕೆ ಯಾರ ಜೊತೆ ಕೂರುತ್ತಾಳೆ ಅಂತ ಕೇಳುತ್ತಾರೆ. ಹಳೇ ಕಥೆಗಳಲ್ಲಿ 'ಅವಳು ಯಾರಿಗಾಗಿ ಕೆಲಸ ಮಾಡುತ್ತಾಳೆ' ಅನ್ನುವ ಪ್ರಶ್ನೆಯ ಜಾಗದಲ್ಲಿ ಇದು ಬಂದು ಕೂತಿದೆ. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ಇಷ್ಟವಾದ ಅನುವಾದ ಇದೇ. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಬೇಕು ಅಂತ ಒಂದು ಕ್ಷಣ ನಿಂತವರಿಗೆ ಆ ಪ್ರಶ್ನೆಯ ಭಾರ ವಿವರಿಸಬೇಕಾಗಿಲ್ಲ. ಬ್ರೆಂಡನ್ ಮಾತ್ರ ಶಾಲೆಯ ಹಿಂದೆ ಒಬ್ಬನೇ ಕೂತು ತಿನ್ನುತ್ತಾನೆ. ಅವನು ಯಾರ ಕಡೆಯವನೂ ಅಲ್ಲ ಅಂತ ಹೇಳಲು ಒಂದು ಮಾತೂ ಬೇಕಾಗಿಲ್ಲ.

ಉಳಿದ ಪಾತ್ರಗಳೂ ಹೀಗೆಯೇ. ಪತ್ತೇದಾರನಿಗೆ ಸುದ್ದಿ ತಂದುಕೊಡುವವನು ಬ್ರೇನ್, ರೂಬಿಕ್ಸ್ ಕ್ಯೂಬ್ ತಿರುಗಿಸುತ್ತಾ ಕೂರುವ ಓದಿನ ಹುಡುಗ. ರಂಗಮಂದಿರದ ನಟಿ ಅಂದರೆ ಶಾಲಾ ನಾಟಕದ ಕಾರಾ, ಅವಳಿಗೆ ಸೇವೆ ಮಾಡಲು ಕಿರಿಯ ಹುಡುಗರು. ಶ್ರೀಮಂತರ ಮನೆಯ ಮೋಹಿನಿ ಲಾರಾ. ಗೂಂಡಾ ಟಗ್, ಕೈ ಮೊದಲು, ಮಾತು ಆಮೇಲೆ. ಜಿಲ್ಲಾ ಅಟಾರ್ನಿಯ, ಅಂದರೆ ಸರ್ಕಾರಿ ವಕೀಲನ ಜಾಗದಲ್ಲಿ ಸಹಾಯಕ ಉಪಪ್ರಾಂಶುಪಾಲ ಟ್ರೂಮನ್. ಈ ಪಾತ್ರ ಮಾಡಿದವರು ರಿಚರ್ಡ್ ರೌಂಡ್‌ಟ್ರೀ. 1971ರ 'ಶಾಫ್ಟ್' ಚಿತ್ರದ ಪತ್ತೇದಾರನಾಗಿ ಹೆಸರು ಮಾಡಿದವರು. ಒಬ್ಬ ಹಳೇ ಪತ್ತೇದಾರ ಮೇಜಿನ ಆಚೆ ಕೂತು ಹೊಸ ಪತ್ತೇದಾರನನ್ನು ಗದರಿಸುವ ಆ ದೃಶ್ಯಕ್ಕೆ ಒಂದು ಒಳನಗು ಇದೆ. ಹ್ಯಾಮೆಟ್ ಪುಸ್ತಕಗಳಲ್ಲಿ ಪತ್ತೇದಾರ ಸರ್ಕಾರಿ ವಕೀಲನ ಕಚೇರಿಯಲ್ಲಿ ಹೇಗೆ ಎಗರಾಡುತ್ತಾನೋ, ಬ್ರೆಂಡನ್ ಇಲ್ಲಿ ಹಾಗೇ ಎಗರಾಡುತ್ತಾನೆ. ಬೆದರಿಕೆ ಮಾತ್ರ ಜೈಲಿನದಲ್ಲ. ಸಸ್ಪೆಂಡ್ ಮಾಡುವುದಾದರೆ ಮಾಡಿ, ಪೋಷಕರ ಸಭೆಯಲ್ಲಿ ನೋಡಿಕೊಳ್ಳೋಣ ಅನ್ನುವ ಧಾಟಿ.

ಊರಿನ ಮಾದಕವಸ್ತು ದೊರೆ ಪಿನ್. ಕಿಂಗ್‌ಪಿನ್ ಅನ್ನುವುದರ ತುಂಡು ಅದು. ಕಪ್ಪು ಬಟ್ಟೆ, ಕೈಯಲ್ಲಿ ಊರುಗೋಲು. ಅವನು ತುಂಬಾ ವಯಸ್ಸಾದವನು ಅಂತ ಶಾಲೆಯಲ್ಲಿ ಸುದ್ದಿ. ಎಷ್ಟು ವಯಸ್ಸು? ಇಪ್ಪತ್ತಾರು! ಬ್ರೆಂಡನ್ ಕೊನೆಗೂ ಅವನ ನೆಲಮಾಳಿಗೆ ಮುಟ್ಟುತ್ತಾನೆ, ಚೆನ್ನಾಗಿ ಒದೆ ತಿನ್ನುತ್ತಾನೆ. ಆಮೇಲೆ ಮೆಟ್ಟಿಲು ಹತ್ತಿ ಮೇಲೆ ಬಂದರೆ ಅಡುಗೆಮನೆಯಲ್ಲಿ ಪಿನ್‌ನ ಅಮ್ಮ ಇದ್ದಾಳೆ, ಕುಡಿಯಲು ಜ್ಯೂಸ್ ಕೊಡುತ್ತಾಳೆ. ಅಲ್ಲಿ ನಗು ಬರುತ್ತದೆ. ಆದರೆ ಮೇಜಿನ ಸುತ್ತ ಕೂತ ಯಾರೂ ನಗುವುದಿಲ್ಲ. ಜಾನ್ಸನ್ ಹಿಡಿತ ಇರುವುದು ಅಲ್ಲಿ. ನೋಡುವವರು ನಗಬಹುದು, ಪಾತ್ರಗಳು ನಗುವ ಹಾಗಿಲ್ಲ. ಒಬ್ಬನೇ ಒಬ್ಬ ಕಣ್ಣು ಮಿಟುಕಿಸಿದ್ದರೂ ಇಡೀ ಕಟ್ಟಡ ಬೀಳುತ್ತಿತ್ತು. ಹದಿನೇಳರ ವಯಸ್ಸಲ್ಲಿ ಒಬ್ಬಳು ಬಿಟ್ಟುಹೋದರೆ ಜಗತ್ತೇ ಮುಗಿಯಿತು ಅನಿಸುತ್ತದೆಯಲ್ಲ, ಆ ಅನಿಸಿಕೆಯನ್ನು ಈ ಚಿತ್ರ ಅಕ್ಷರಶಃ ನಂಬುತ್ತದೆ.

ನಾಲ್ಕು ಪದಗಳು

ಈಗ ಮಾತಿನ ವಿಷಯ. ಕಥೆಯ ಶುರುವಿನಲ್ಲಿ ಬ್ರೆಂಡನ್‌ಗೆ ಲಾಕರಿನಲ್ಲಿ ಒಂದು ಚೀಟಿ ಸಿಗುತ್ತದೆ. ಅದರಂತೆ ಒಂದು ಫೋನ್ ಬೂತಿಗೆ ಹೋದರೆ ಎಮಿಲಿಯ ಕರೆ ಬರುತ್ತದೆ. ಅವಳು ಅವನನ್ನು ಬಿಟ್ಟುಹೋಗಿ ಎರಡು ತಿಂಗಳು, ಆಗಿನಿಂದ ಇಬ್ಬರ ನಡುವೆ ಮಾತಿಲ್ಲ. ಅವಳು ಹೆದರಿದ್ದಾಳೆ. ಒಂದಕ್ಕೊಂದು ಸೇರದ ಮಾತಿನ ನಡುವೆ ನಾಲ್ಕು ಪದ ಹೊರಬೀಳುತ್ತವೆ: ಬ್ರಿಕ್, ಟಗ್, ಫ್ರಿಸ್ಕೋ, ಪಿನ್. ಬ್ರೆಂಡನ್‌ಗೆ ಒಂದೂ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.

ಅಂದರೆ ಇಲ್ಲಿ ಸುಳಿವು ರಕ್ತದ ಕಲೆಯಲ್ಲ, ಬೆರಳಚ್ಚಲ್ಲ. ಶಬ್ದ. ಪತ್ತೇದಾರನ ಕೆಲಸ ಅರ್ಥ ಹುಡುಕುವುದು. ನಾನು ಸಬ್‌ಟೈಟಲ್ ಹಿಡಿದು ಒದ್ದಾಡುತ್ತಿದ್ದೆನಲ್ಲ, ಬ್ರೆಂಡನ್ ಕೂಡ ಅದನ್ನೇ ಮಾಡುತ್ತಿದ್ದ. ಇದು ಹೊಳೆದ ಮೇಲೆ ಚಿತ್ರ ನನಗೆ ಸಲೀಸಾಯಿತು.

ಈ ಹುಡುಗರ ಬಾಯಲ್ಲಿ ಬರುವ ಆಡುನುಡಿ ಬಹಳಷ್ಟು 1920, 30ರ ದಶಕದ ಅಮೆರಿಕದ ಕಳ್ಳರ ಮತ್ತು ಪತ್ತೇದಾರರ ಭಾಷೆ. ಪೊಲೀಸರು 'ಬುಲ್ಸ್', ಅಂದರೆ ಗೂಳಿಗಳು. ಪತ್ತೇದಾರ 'ಶೇಮಸ್'. ಸುಲಭದ ತುತ್ತು 'ಡಕ್ ಸೂಪ್'. 'ಯೆಗ್' ಅಂದರೆ ಹಿಂದೆ ತಿಜೋರಿ ಒಡೆಯುವ ಕಳ್ಳ, ಇಲ್ಲಿ ಸುಮಾರಾಗಿ ಯಾವನೋ ಆಸಾಮಿ. ಕೆಲವು ಜಾನ್ಸನ್ ಸ್ವಂತದ್ದು. ಯಾವುದು ಹಳೆಯದು, ಯಾವುದು ಹೊಸದು ಅಂತ ವಿಂಗಡಿಸಲು ಹೋದರೆ ಸಿನಿಮಾ ಕೈತಪ್ಪುತ್ತದೆ. ಅಗತ್ಯವೂ ಇಲ್ಲ. ಪ್ರತಿ ತಲೆಮಾರಿನ ಹುಡುಗರೂ ದೊಡ್ಡವರಿಗೆ ಅರ್ಥವಾಗದ ಒಂದು ಭಾಷೆ ಮಾಡಿಕೊಂಡೇ ಇರುತ್ತಾರೆ. ಕಳ್ಳರೂ ಹಾಗೇ, ಪೊಲೀಸರಿಗೆ ಅರ್ಥವಾಗದ ಭಾಷೆ. ಎರಡರ ಉದ್ದೇಶ ಒಂದೇ. ಜಾನ್ಸನ್ ಒಂದರ ಜಾಗಕ್ಕೆ ಇನ್ನೊಂದನ್ನು ತಂದ, ಅಷ್ಟೇ.

ಮಾತಿನ ಓಟಕ್ಕೆ ಅವನು ನಟರಿಗೆ ಹಳೇ ನುವಾರ್ ನೋಡಲು ಹೇಳಲಿಲ್ಲ. ನೋಡಿದರೆ ಅನುಕರಣೆ ಶುರುವಾಗುತ್ತದೆ ಅಂತ. ಬದಲಿಗೆ ಬಿಲ್ಲಿ ವೈಲ್ಡರ್, ಹೊವಾರ್ಡ್ ಹಾಕ್ಸ್ ಮಾಡಿದ ಹಳೇ ಹಾಸ್ಯಚಿತ್ರಗಳನ್ನು ನೋಡಿ ಅಂದ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುವ ಚಿತ್ರಗಳು ಅವು. ಬ್ರೆಂಡನ್ ಆಗಿ ಜೋಸೆಫ್ ಗಾರ್ಡನ್ ಲೆವಿಟ್ ಈ ಉದ್ದುದ್ದ ಮಾತುಗಳನ್ನು ಎಲ್ಲೂ ಒತ್ತಿ ಹೇಳುವುದಿಲ್ಲ. ಲೆಕ್ಕ ಒಪ್ಪಿಸುವವನ ಹಾಗೆ ಸರಸರ ಹೇಳಿ ಮುಗಿಸುತ್ತಾನೆ. ಅದಕ್ಕೇ ನಂಬುವ ಹಾಗಿದೆ.

ಕಿವಿಯ ಆಟ ಮಾತಿಗೇ ನಿಲ್ಲುವುದಿಲ್ಲ. ಒಂದು ಕಡೆ ಚಾಕು ಹಿಡಿದವನೊಬ್ಬ ಬ್ರೆಂಡನ್‌ನನ್ನು ಶಾಲೆಯ ಓಣಿಗಳಲ್ಲಿ ಅಟ್ಟಿಸಿಕೊಂಡು ಬರುತ್ತಾನೆ. ಬೇರೆ ಚಿತ್ರದಲ್ಲಾದರೆ ಇಲ್ಲಿ ಡ್ರಮ್ ಬಡಿಯುತ್ತಿದ್ದರು. ಇಲ್ಲಿ ಕಾಂಕ್ರೀಟ್ ಮೇಲೆ ಬೂಟಿನ ಸಪ್ಪಳ, ಬೇರೇನಿಲ್ಲ. ಎರಡು ಜೊತೆ ಕಾಲು, ಎರಡು ಲಯ. ಬ್ರೆಂಡನ್ ಒಂದು ತಿರುವಿನಲ್ಲಿ ಬೂಟು ಕಳಚುತ್ತಾನೆ. ಅವನ ಸದ್ದು ಅಳಿಸಿಹೋಗುತ್ತದೆ. ಹಿಂದೆ ಬರುವವನಿಗೆ ಅವನು ಎಲ್ಲಿದ್ದಾನೆ ಅಂತ ತಿಳಿಯುವುದಿಲ್ಲ. ಆಮೇಲೆ ಏನಾಗುತ್ತದೆ ಅಂತ ನೋಡಿಯೇ ತಿಳಿಯಿರಿ. ಖರ್ಚೇ ಇಲ್ಲದೆ ಮಾಡಿದ ಇಂಥ ಅಟ್ಟಾಟ ನಾನು ಬೇರೆಲ್ಲೂ ನೋಡಿಲ್ಲ. ಸಂಗೀತವೂ ಅದೇ ಜಾತಿ. ಜಾನ್ಸನ್‌ನ ಸೋದರಸಂಬಂಧಿ ನೇಥನ್ ಜಾನ್ಸನ್ ಮಾಡಿದ್ದು. ಕಡತದ ಬೀರು, ಅಡುಗೆ ಸಾಮಾನು, ವೈನ್ ಲೋಟ ಎಲ್ಲವೂ ಅದರಲ್ಲಿ ವಾದ್ಯಗಳೇ.

ಕ್ಯಾಮೆರಾ ಸ್ಟೀವ್ ಯೆಡ್ಲಿನ್‌ದು. ಖಾಲಿ ಫುಟ್‌ಬಾಲ್ ಮೈದಾನ, ಖಾಲಿ ಪಾರ್ಕಿಂಗ್ ಜಾಗ, ಮಂಕು ಹಗಲು. ನುವಾರಿನಲ್ಲಿ ಕತ್ತಲೆ ಬಚ್ಚಿಡುವ ಕೆಲಸ ಮಾಡುತ್ತದೆ. ಇಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಆದರೂ ಯಾವ ದೊಡ್ಡವರ ಕಣ್ಣಿಗೂ ಏನೂ ಬೀಳುವುದಿಲ್ಲ. ಒಂದು ತರಗತಿಯೂ ತೋರಿಸಿಲ್ಲ, ಗಮನಿಸಿ.

ಗಂಟು ಬಿಡಿಸಿದರೆ

ಚಿತ್ರ ನೋಡದವರು ಇಲ್ಲಿಗೆ ನಿಲ್ಲಿಸಬಹುದು. ಇನ್ನು ಮುಂದೆ ಎಲ್ಲ ಬಯಲು.

ಬ್ರಿಕ್ ಅಂದರೆ ಇಟ್ಟಿಗೆ. ಇಲ್ಲಿ ಇಟ್ಟಿಗೆಯ ಹಾಗೆ ಒತ್ತಿ ಕಟ್ಟಿದ ಹೆರಾಯಿನ್. ಪಿನ್ ಇಂಥ ಹತ್ತು ತರಿಸಿದ್ದ, ಎಂಟು ಬೇಗ ಮಾರಿಹೋದವು. ಒಂಬತ್ತನೆಯದು ಕಳುವಾಗಿ, ವಾಪಸ್ ಬಂದಾಗ ಕಲಬೆರಕೆಯಾಗಿತ್ತು. ಆ ಕೆಟ್ಟ ಸರಕಿಗೆ ಬಲಿಯಾಗಿ ಪ್ರಜ್ಞೆ ತಪ್ಪಿ ಬಿದ್ದ ಹುಡುಗ ಫ್ರಿಸ್ಕೋ. ಕದ್ದ ಆರೋಪ ಎಮಿಲಿಯ ತಲೆಗೆ ಬಂತು. ಅವಳನ್ನು ಕೊಂದವನು ಟಗ್. ಅವಳು ಗರ್ಭಿಣಿಯಾಗಿದ್ದಳು, ಮಗು ನಿನ್ನದೇ ಅಂದಿದ್ದಳು, ಅವನ ತಲೆ ಕೆಟ್ಟಿತು. ನಾಲ್ಕು ಪದಗಳ ಅರ್ಥ ಇಷ್ಟು.

ಅರ್ಥ ಸಿಕ್ಕಿದ ಮೇಲೆ ಬ್ರೆಂಡನ್ ಮಾಡುವುದು ಹ್ಯಾಮೆಟ್‌ನ 1929ರ 'ರೆಡ್ ಹಾರ್ವೆಸ್ಟ್' ಕಾದಂಬರಿಯ ಪತ್ತೇದಾರ ಮಾಡಿದ್ದನ್ನೇ. ಗುಂಪುಗಳ ಒಳಗೆ ಸೇರಿಕೊಂಡು ಒಬ್ಬರಿಗೆ ಒಬ್ಬರನ್ನು ಹಚ್ಚಿಕೊಡುತ್ತಾನೆ. ಪಿನ್ ಮತ್ತು ಟಗ್ ನಡುವೆ ಮಾತುಕತೆಗೆ ಕೂರಿಸುತ್ತಾನೆ, ಅದು ರಕ್ತಪಾತದಲ್ಲಿ ಮುಗಿಯುತ್ತದೆ. ಇದರ ನಡುವೆ ಒಂದು ಚಿಕ್ಕ ದೃಶ್ಯ ಇದೆ. ಪಿನ್ ಕಡಲ ದಂಡೆಯಲ್ಲಿ ಕೂತು ಬ್ರೆಂಡನ್‌ಗೆ ಟೋಲ್ಕಿನ್ ಓದಿದ್ದೀಯಾ ಅಂತ ಕೇಳುತ್ತಾನೆ, 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದವನು. ಆ ವರ್ಣನೆಗಳು ಚೆನ್ನಾಗಿವೆ, ಅಲ್ಲಿ ಇರಬೇಕು ಅನಿಸುತ್ತೆ ಅನ್ನುತ್ತಾನೆ. ಕಥೆಗೆ ಅದರಿಂದ ಕವಡೆಯಷ್ಟೂ ಉಪಯೋಗವಿಲ್ಲ. ಆದರೆ ಆ ಒಂದು ನಿಮಿಷ ದೊರೆಯ ವೇಷ ಕಳಚಿ, ಗೆಳೆಯರಿಲ್ಲದ ಒಬ್ಬ ಹುಡುಗ ಕಾಣುತ್ತಾನೆ.

ಇಷ್ಟಾದ ಮೇಲೂ ಒಂದು ಎಳೆ ಉಳಿಯುತ್ತದೆ. ಕದ್ದವಳು ಲಾರಾ. ಎಮಿಲಿಯನ್ನು ಮುಂದೆ ದೂಡಿದವಳೂ ಅವಳೇ, ಟಗ್ ಕೈಗೆ ಸಿಗುವ ಹಾಗೆ ಮಾಡಿದವಳೂ ಅವಳೇ. ಮೈದಾನದಲ್ಲಿ ಬ್ರೆಂಡನ್ ಇದನ್ನೆಲ್ಲ ಅವಳ ಮುಖಕ್ಕೇ ಹೇಳುತ್ತಾನೆ. ಅವಳ ಲಾಕರ್ ನೋಡಿ ಅಂತ ಟ್ರೂಮನ್‌ಗೆ ಆಗಲೇ ಚೀಟಿ ಬರೆದಾಗಿದೆ. ಮನಸ್ಸು ಎಳೆದವಳನ್ನೇ ಹಿಡಿದು ಒಪ್ಪಿಸುವ ಈ ಕೊನೆ 1930ರ 'ದಿ ಮಾಲ್ಟೀಸ್ ಫಾಲ್ಕನ್' ಕಾದಂಬರಿಯಲ್ಲೂ ಇದೆ. ಇಲ್ಲಿ ನನ್ನದೊಂದು ತಕರಾರು. ಇಷ್ಟು ಹೊತ್ತು ನಮ್ಮನ್ನು ನಂಬಿದ್ದ ಚಿತ್ರ ಕೊನೆಯಲ್ಲಿ ಎಲ್ಲವನ್ನೂ ಒಂದೇ ಉಸಿರಲ್ಲಿ ಬಾಯಿಬಿಟ್ಟು ವಿವರಿಸುತ್ತದೆ. ಇನ್ನೊಂದು, ಹುಡುಗ ಓಡಾಡಲಿ ಅಂತ ಹುಡುಗಿ ಸಾಯುವ ಹಳೇ ಚಾಳಿಯನ್ನೂ ಅದು ಹಾಗೇ ಉಳಿಸಿಕೊಂಡಿದೆ. ಎಮಿಲಿ ಯಾರು, ಅವಳಿಗೆ ಏನು ಬೇಕಿತ್ತು ಅನ್ನುವುದು ನಮಗೆ ಬೇರೆಯವರ ಬಾಯಿಂದಲೇ ತಿಳಿಯಬೇಕು.

ಲಾರಾ ಸೋತು ಹೋಗುವ ಮೊದಲು ಒಂದು ಲೆಕ್ಕ ಕೊಡುತ್ತಾಳೆ. ಎಮಿಲಿಗೆ ಮೂರು ತಿಂಗಳಾಗಿತ್ತು. ಅವಳು ಬ್ರೆಂಡನ್‌ನನ್ನು ಬಿಟ್ಟುಹೋಗಿ ಎಷ್ಟಾಯಿತು ಅಂತ ನಮಗೆ ಗೊತ್ತು, ಅವನಿಗೂ ಗೊತ್ತು. ಆಮೇಲೆ ಅವಳು ಅವನ ಕಿವಿಗೆ ಬಾಯಿ ಹಚ್ಚಿ ಏನೋ ಪಿಸುಗುಡುತ್ತಾಳೆ. ನಮಗೆ ಸರಿಯಾಗಿ ಕೇಳಿಸುವುದಿಲ್ಲ. ಅವಳು ಹೋದ ಮೇಲೆ ಬ್ರೇನ್ ಬಂದು ಏನಂದಳು ಅಂತ ಕೇಳುತ್ತಾನೆ. ಏನೋ ಕೆಟ್ಟ ಮಾತು ಬೈದಳು ಅನ್ನುತ್ತಾನೆ ಬ್ರೆಂಡನ್.

ಅದು ಇಂಗ್ಲಿಷಿನಲ್ಲಿ ದಿನಾ ಕಿವಿಗೆ ಬೀಳುವ, ತಾಯಿಯನ್ನು ಎಳೆದು ತರುವ ಬೈಗುಳ. ಬಳಸಿ ಬಳಸಿ ಅರ್ಥ ಸವೆದುಹೋಗಿದೆ. ಈ ಒಂದು ಸಲ ಮಾತ್ರ ಅದಕ್ಕೆ ಪದಶಃ ಅರ್ಥ ಇತ್ತು, ಆ ತಾಯಿ ಎಮಿಲಿ.